ಗ್ಯಾಲರಿ ಇಲ್ಲದ ಆಟಕ್ಕೆ ಒಬ್ಬ ಪ್ರೇಕ್ಷಕ



ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಕಡೆ ‘ಹಂಗಾಮು’ ಎಂಬ ಮಾತಿಗೆ ಯಾರೂ ಅರ್ಥ ಕೇಳುವುದಿಲ್ಲ. ಮುಂಗಾರಿ ಹಂಗಾಮು, ಹಿಂಗಾರಿ ಹಂಗಾಮು, ಸಕ್ಕರೆ ಕಾರ್ಖಾನೆಗಳ ಕಬ್ಬು ನುರಿಸುವ ಹಂಗಾಮು, ಇವೆಲ್ಲ ಮನೆಮಾತು. ಇವುಗಳ ಜೊತೆಗೆ ಯಾರ ಲೆಕ್ಕಕ್ಕೂ ಬಾರದ ಇನ್ನೊಂದು ಹಂಗಾಮು ಇದೆ. ಅದು ಕಾಲೇಜು ಆಟಗಳ ಹಂಗಾಮು. ಪ್ರವೇಶಗಳು ಮುಗಿದು ತರಗತಿಗಳು ನೆಲೆಗೊಳ್ಳುವ ಹೊತ್ತಿಗೆ ಶುರುವಾಗಿ, ಪರೀಕ್ಷೆಯ ವೇಳಾಪಟ್ಟಿ ಬರುವ ಹೊತ್ತಿಗೆ ಸದ್ದಿಲ್ಲದೆ ಮುಗಿದುಹೋಗುತ್ತದೆ. ಇಂದಿನ ನನ್ನ ಮಾತು ಆಟಗಾರರನ್ನು ಕುರಿತದ್ದಲ್ಲ. ಸುಣ್ಣದ ಗೆರೆಯ ಹೊರಗೆ ನಿಂತು ನೋಡುವವರನ್ನು ಕುರಿತದ್ದು. ತನ್ನ ಕಾಲೇಜಿನ ಒಂದು ಆಟವನ್ನು ಹಂಗಾಮಿನ ಮೊದಲ ದಿನದಿಂದ ಕೊನೆಯ ದಿನದವರೆಗೆ ಬಿಡದೆ ನೋಡುವ ಒಬ್ಬ ಪ್ರೇಕ್ಷಕನಿಂದ, ಒಬ್ಬ ಪ್ರೇಕ್ಷಕಿಯಿಂದ ಆ ಆಟಕ್ಕೆ ಏನಾದೀತು ಎಂಬುದು ಪ್ರಶ್ನೆ.

ನಮ್ಮ ಆಟವಾಗಿ ಖೋ-ಖೋವನ್ನು ಇಟ್ಟುಕೊಳ್ಳೋಣ. ಆದರೆ ಅದಕ್ಕೂ ಮೊದಲು ಸ್ವಲ್ಪ ದೂರ, ಅಮೆರಿಕದವರೆಗೆ ಹೋಗಿ ಬರಬೇಕು. ಕಾಲೇಜು ಆಟವನ್ನು ಹಂಗಾಮುಪೂರ್ತಿ ನೋಡುವ ಅಭ್ಯಾಸ ಬೇರೂರಿ ಬೆಳೆದದ್ದು ಅಲ್ಲಿ, ಬೇಸ್‌ಬಾಲ್ ಮತ್ತು ಸಾಫ್ಟ್‌ಬಾಲ್ ಮೈದಾನಗಳಲ್ಲಿ.

ಅಲ್ಲಿನ ಕಾಲೇಜು ಬೇಸ್‌ಬಾಲ್ ಫೆಬ್ರವರಿಯ ಚಳಿಯಲ್ಲಿ ಆರಂಭವಾಗಿ ಜೂನ್ ತಿಂಗಳಲ್ಲಿ ಮುಗಿಯುತ್ತದೆ. ಮೇಲಿನ ದರ್ಜೆಯ ಒಂದು ತಂಡ, ಕೊನೆಯ ಸುತ್ತುಗಳನ್ನು ಬಿಟ್ಟು, 56 ಪಂದ್ಯಗಳವರೆಗೆ ಆಡಬಹುದು. ಆ ಕೊನೆಯ ಸುತ್ತು 1950ರಿಂದ ಒಮಾಹಾ ಎಂಬ ಒಂದೇ ಊರಿನಲ್ಲಿ ನಡೆದುಕೊಂಡು ಬಂದಿದೆ. ಹೆಣ್ಣುಮಕ್ಕಳ ಸಾಫ್ಟ್‌ಬಾಲ್ ಕೊನೆಯ ಸುತ್ತಿಗೆ ಓಕ್ಲಹೋಮಾ ಸಿಟಿ ಮನೆಯಾಗಿದೆ. ಶಿಕ್ಷಣದಲ್ಲಿ ಹೆಣ್ಣು-ಗಂಡು ಭೇದ ಮಾಡಕೂಡದು ಎಂಬ ಕಾನೂನು ಅಲ್ಲಿ ಬಂದದ್ದು 1972ರಲ್ಲಿ. ಅದು ಕಾಲೇಜು ಮೈದಾನಕ್ಕೂ ಅನ್ವಯವಾಯಿತು. ಇಂದು ಹೆಣ್ಣುಮಕ್ಕಳ ಪಂದ್ಯಕ್ಕೂ ಸಾವಿರಾರು ಜನ ಬಂದು ಕೂರುತ್ತಾರೆ. ಕಾನೂನು ತಂಡವನ್ನು ಕೊಡಬಲ್ಲದು. ಪ್ರೇಕ್ಷಕರು ಮಾತ್ರ ತಾವಾಗಿ ಬರಬೇಕು.

ಸಾಫ್ಟ್‌ಬಾಲ್ ಹುಟ್ಟಿದ ಕಥೆ ನಿಮಗೆ ಇಷ್ಟವಾದೀತು. 1887ರಲ್ಲಿ ಷಿಕಾಗೋದ ಒಂದು ದೋಣಿ ಕ್ಲಬ್ಬಿನ ಕೋಣೆಯಲ್ಲಿ ಕೆಲವರು ಹರಟೆ ಹೊಡೆಯುತ್ತಿದ್ದರು. ಒಬ್ಬ ಬಾಕ್ಸಿಂಗ್ ಕೈಗವಸನ್ನು ಎಸೆದ, ಇನ್ನೊಬ್ಬ ಅದನ್ನು ಕೋಲಿನಿಂದ ಬಾರಿಸಿದ. ಜಾರ್ಜ್ ಹ್ಯಾನ್‌ಕಾಕ್ ಎಂಬಾತ ಆ ಗವಸನ್ನೇ ಚೆಂಡಿನಂತೆ ಕಟ್ಟಿ, ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ಆಟ ನಡೆಸಿದ. ಕೋಣೆಯೊಳಗಿನ ಚಿಕ್ಕ ಬೇಸ್‌ಬಾಲ್ ಆಗಿ ಹುಟ್ಟಿದ್ದು ಹೊರಗೆ ಬಂದು ದೊಡ್ಡ ಆಟವಾಯಿತು.

ಸಾಫ್ಟ್‌ಬಾಲ್ ಎಂದರೆ ಹೆಣ್ಣುಮಕ್ಕಳಿಗಾಗಿ ಸುಲಭ ಮಾಡಿದ ಬೇಸ್‌ಬಾಲ್ ಎಂದು ಭಾವಿಸುವವರಿದ್ದಾರೆ. ವಿಜ್ಞಾನ ಓದುವವರು ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಬೇಸ್‌ಬಾಲಿನಲ್ಲಿ ಚೆಂಡು ಎಸೆಯುವ ಜಾಗಕ್ಕೂ ಬ್ಯಾಟುಗಾರನ ಮುಂದಿನ ತಟ್ಟೆಗೂ ಅಂತರ 18.44 ಮೀಟರ್. ಗಂಟೆಗೆ 145 ಕಿಲೋಮೀಟರ್, ಅಂದರೆ ಸೆಕೆಂಡಿಗೆ ಸುಮಾರು 40 ಮೀಟರ್ ವೇಗದ ಚೆಂಡು ಅದನ್ನು ದಾಟಲು 0.46 ಸೆಕೆಂಡು ಬೇಕು. ಕಾಲೇಜು ಹೆಣ್ಣುಮಕ್ಕಳ ಸಾಫ್ಟ್‌ಬಾಲಿನಲ್ಲಿ ಅಂತರ 13.1 ಮೀಟರ್ ಮಾತ್ರ. ತೋಳನ್ನು ಕೆಳಗಿನಿಂದ ಬೀಸಿ ಎಸೆದ ಚೆಂಡಿನ ವೇಗ ಗಂಟೆಗೆ 105 ಕಿಲೋಮೀಟರ್, ಅಂದರೆ ಸೆಕೆಂಡಿಗೆ 29 ಮೀಟರ್ ಇದ್ದರೆ ಹಿಡಿಯುವ ಸಮಯ 0.45 ಸೆಕೆಂಡು. ಗಾಳಿಯ ತಡೆ, ಎಸೆಯುವವಳು ಮುಂದಿಡುವ ಹೆಜ್ಜೆ ಇವನ್ನು ಇಲ್ಲಿ ಬಿಟ್ಟಿದ್ದೇನೆ. ಹೆಜ್ಜೆಯನ್ನು ಸೇರಿಸಿದರೆ ಬ್ಯಾಟು ಹಿಡಿದವಳಿಗೆ ಸಿಗುವ ಸಮಯ ಇನ್ನೂ ಕಡಿಮೆಯಾಗುತ್ತದೆ. ಕಣ್ಣಿಗೂ ಕೈಗೂ ಎರಡು ಆಟಗಳಲ್ಲಿಯೂ ಪರೀಕ್ಷೆ ಒಂದೇ.

ಈಗ ಪ್ರೇಕ್ಷಕರ ವಿಷಯ. ಅಲ್ಲಿನ ಮೈದಾನಗಳಲ್ಲಿ ಮಡಿಲಲ್ಲಿ ಪುಸ್ತಕ, ಕೈಯಲ್ಲಿ ಪೆನ್ಸಿಲ್ ಹಿಡಿದು ಕೂರುವ ಅಭಿಮಾನಿಗಳ ಒಂದು ಪರಂಪರೆಯೇ ಇದೆ. ಪ್ರತಿ ಎಸೆತಕ್ಕೂ ಒಂದು ಗುರುತು ಹಾಕುತ್ತಾರೆ. ಮೈದಾನದ ಒಂಬತ್ತು ಸ್ಥಾನಗಳಿಗೂ ಸಂಖ್ಯೆಗಳಿವೆ. ‘6-3’ ಎಂದು ಬರೆದರೆ, ಆರನೆಯ ಸ್ಥಾನದವನು ಚೆಂಡು ಹಿಡಿದು ಮೂರನೆಯ ಸ್ಥಾನದವನಿಗೆ ಎಸೆದ, ಆತ ಓಡಿಬಂದವನನ್ನು ಔಟು ಮಾಡಿದ ಎಂದು ಅರ್ಥ. ಔಟು ಮಾಡಿದವನಿಗೆ ಒಂದು ಲೆಕ್ಕ, ನೆರವಾದವನಿಗೆ ಇನ್ನೊಂದು ಲೆಕ್ಕ. ಪಂದ್ಯದ ಲೆಕ್ಕವನ್ನು ಒಂದು ಪಟ್ಟಿಯಾಗಿ ಪತ್ರಿಕೆಯಲ್ಲಿ ಕೊಡುವುದನ್ನು 1859ರ ಸುಮಾರಿಗೆ ರೂಢಿಗೆ ತಂದವನು ಹೆನ್ರಿ ಚಾಡ್ವಿಕ್. ಆತ ಇಂಗ್ಲೆಂಡಿನಲ್ಲಿ ಹುಟ್ಟಿದವನು, ಮೊದಲು ಕ್ರಿಕೆಟ್ ವರದಿ ಮಾಡುತ್ತಿದ್ದವನು. ನಾವು ನೋಡಿ ಬೆಳೆದ ಕ್ರಿಕೆಟ್ ಸ್ಕೋರ್ ಪಟ್ಟಿಯ ದಾಯಾದಿಯೇ ಅದು.

ಇನ್ನೊಬ್ಬರ ಹೆಸರು ಹೇಳಬೇಕು, ಬಿಲ್ ಜೇಮ್ಸ್. ಇವರು ಆಟಗಾರರಲ್ಲ, ತರಬೇತುದಾರರಲ್ಲ, ಪತ್ರಿಕೆಯವರೂ ಅಲ್ಲ. ಕಾನ್ಸಸ್ ರಾಜ್ಯದಲ್ಲಿ ಡಬ್ಬಿಗಳಲ್ಲಿ ಆಹಾರ ತುಂಬುವ ಒಂದು ಕಾರ್ಖಾನೆಯ ರಾತ್ರಿ ಕಾವಲುಗಾರ. ಬಿಡುವಿನ ಹೊತ್ತಿನಲ್ಲಿ ಸ್ಕೋರ್ ಪಟ್ಟಿಗಳನ್ನು ಮುಂದಿಟ್ಟುಕೊಂಡು ಪ್ರಶ್ನೆ ಕೇಳುತ್ತ ಹೋದರು. ಒಂದು ಪ್ರಶ್ನೆ ಹೀಗಿತ್ತು: ಒಳ್ಳೆಯ ಕ್ಷೇತ್ರರಕ್ಷಕ ಯಾರು? ಅಲ್ಲಿಯವರೆಗೆ ಎಲ್ಲರೂ ತಪ್ಪುಗಳನ್ನು ಎಣಿಸುತ್ತಿದ್ದರು. ಕಡಿಮೆ ತಪ್ಪು ಮಾಡಿದವನೇ ಜಾಣ. ಜೇಮ್ಸ್ ಹೇಳಿದ್ದು, ಚೆಂಡಿನ ಹತ್ತಿರಕ್ಕೇ ಹೋಗದವನು ತಪ್ಪು ಮಾಡುವುದಾದರೂ ಹೇಗೆ? ಹಿಡಿದದ್ದನ್ನೂ ನೆರವಾದದ್ದನ್ನೂ ಎಣಿಸಿ ನೋಡಿ. ಹಾಗೆ ಎಣಿಸಿದಾಗ ಹಳೆಯ ಜಾಣರ ಪಟ್ಟಿ ಅಲುಗಾಡಿತು. 1977ರಲ್ಲಿ ಅವರು ತಾವೇ ಅಚ್ಚು ಹಾಕಿಸಿದ ಪುಸ್ತಿಕೆಯನ್ನು ಕೊಂಡವರು ನೂರು ಜನರೂ ಇಲ್ಲ. ಮುಂದೆ ಬಾಸ್ಟನ್ನಿನ ದೊಡ್ಡ ವೃತ್ತಿಪರ ತಂಡವೊಂದು ಅವರನ್ನೇ ಸಲಹೆಗಾರರನ್ನಾಗಿ ಇಟ್ಟುಕೊಂಡಿತು.

ನಮ್ಮ ದೇಶದಲ್ಲಿಯೂ ಸಾಫ್ಟ್‌ಬಾಲ್ ಹೊಸದಲ್ಲ. ಅದರ ರಾಷ್ಟ್ರೀಯ ಒಕ್ಕೂಟ 1961ರಲ್ಲಿ ಹುಟ್ಟಿತು. ಬೇಸ್‌ಬಾಲ್, ಸಾಫ್ಟ್‌ಬಾಲ್ ಎರಡಕ್ಕೂ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗಳಿವೆ. ಆದರೆ ಒಂಬತ್ತು ಕೈಗವಸು, ಮುಖಕ್ಕೆ ಜಾಲರಿ, ಎದೆಗೆ ಕವಚ, ಬ್ಯಾಟು ಇವನ್ನೆಲ್ಲ ಕೊಂಡು ಆಡುವುದು ತಾಲ್ಲೂಕು ಕೇಂದ್ರದ ಕಾಲೇಜಿಗೆ ಸುಲಭದ ಮಾತಲ್ಲ. ಖೋ-ಖೋಗೆ ಬೇಕಾದದ್ದು ಎರಡು ಕಂಬ, ಒಂದಿಷ್ಟು ಸುಣ್ಣ, ಒಂದು ಸೀಟಿ, ಒಂದು ಗಡಿಯಾರ. ಆದ್ದರಿಂದ ಬೇಸ್‌ಬಾಲ್ ಪ್ರೇಕ್ಷಕರ ಪುಸ್ತಕವನ್ನು ಕೈಯಲ್ಲಿ ಹಿಡಿದುಕೊಂಡೇ ನಾವು ಖೋ-ಖೋ ಮೈದಾನಕ್ಕೆ ಬರೋಣ.

ಆಟ ನಿಮಗೆ ಗೊತ್ತು. ಎಂಟು ಜನ ನಡುಪಟ್ಟಿಯ ಮೇಲೆ ಒಬ್ಬರು ಈ ಕಡೆಗೆ, ಒಬ್ಬರು ಆ ಕಡೆಗೆ ಮುಖ ಮಾಡಿ ಕೂರುತ್ತಾರೆ. ಒಂಬತ್ತನೆಯವರು ಬೆನ್ನಟ್ಟುತ್ತಾರೆ. ಬೆನ್ನಟ್ಟುವವರು ನಡುಪಟ್ಟಿಯನ್ನು ದಾಟುವಂತಿಲ್ಲ, ಹಿಡಿದ ದಿಕ್ಕನ್ನು ಕಂಬ ಮುಟ್ಟುವವರೆಗೆ ಬದಲಿಸುವಂತಿಲ್ಲ. ಓಡುವವರಿಗೆ ಈ ಕಟ್ಟುಪಾಡು ಯಾವುದೂ ಇಲ್ಲ. ಮೂವರು ಒಳಗೆ ಬರುತ್ತಾರೆ, ಮೂವರೂ ಔಟಾದರೆ ಮುಂದಿನ ಮೂವರು. ಹಿಂದಿನಿಂದ ಬಂದ ಪದ್ಧತಿಯಲ್ಲಿ ಒಂದು ಸರದಿ 9 ನಿಮಿಷ. 2022ರಲ್ಲಿ ಆರಂಭವಾದ ಅಲ್ಟಿಮೇಟ್ ಖೋ-ಖೋ ಲೀಗಿನಲ್ಲಿ ಅದನ್ನು 7 ನಿಮಿಷ ಮಾಡಿದರು.

ಟೆಲಿವಿಷನ್ನಿನವನಾಗಿ ಒಂದು ಮಾತು ಸೇರಿಸುತ್ತೇನೆ. ಖೋ-ಖೋ ನಮ್ಮ ಕ್ಯಾಮರಾದವರಿಗೆ ಕಷ್ಟದ ಆಟ. ಕ್ರಿಕೆಟ್ಟಿನಲ್ಲಿ ಚೆಂಡಿನ ಹಿಂದೆ ಹೋದರೆ ಕಥೆ ಸಿಗುತ್ತದೆ. ಇಲ್ಲಿ ಚೆಂಡೇ ಇಲ್ಲ. ಬೆನ್ನಟ್ಟುವವರ ಹಿಂದೆ ಹೋದರೆ, ಅರೆಕ್ಷಣದಲ್ಲಿ ಅವರು ಕುಳಿತುಬಿಡುತ್ತಾರೆ, ಬೇರೊಬ್ಬರು ಎದ್ದಿರುತ್ತಾರೆ. ಮೈದಾನದ ಉದ್ದನೆಯ ಬದಿಯಲ್ಲಿ ನಿಂತ ಕ್ಯಾಮರಾಕ್ಕೆ ಬೆನ್ನುಗಳೇ ಕಾಣುತ್ತವೆ. ಕಂಬದ ಹಿಂದೆ, ತುಸು ಎತ್ತರದಲ್ಲಿ ನಿಂತರೆ ಮಾತ್ರ ಎಂಟು ಜನರ ಸಾಲು, ಅದರ ನಡುವೆ ನುಸುಳುವ ಓಟ ಎಲ್ಲವೂ ಬಿಡಿಬಿಡಿಯಾಗಿ ತೆರೆದುಕೊಳ್ಳುತ್ತದೆ. ಖೋ-ಖೋ ವಿಶ್ವಕಪ್ಪನ್ನು 2025ರ ಜನವರಿಯಲ್ಲಿ ದೆಹಲಿಯಲ್ಲಿ ನಮ್ಮ ಪುರುಷರ ಮತ್ತು ಮಹಿಳೆಯರ ತಂಡಗಳೆರಡೂ ಗೆದ್ದವು. ಆ ತಂಡಗಳಲ್ಲಿ ಕರ್ನಾಟಕದ ಎಂ.ಕೆ. ಗೌತಮ್ ಮತ್ತು ಬಿ. ಚೈತ್ರಾ ಇದ್ದರು. ಚೈತ್ರಾ ಅವರದು ಟಿ. ನರಸೀಪುರ ತಾಲ್ಲೂಕಿನ ಕುರುಬೂರು. ಹಳ್ಳಿಯ ಮೈದಾನದಿಂದ ಅಲ್ಲಿಯವರೆಗೆ ದಾರಿ ಇದೆ ಎಂಬುದು ಇದರಿಂದ ಖಚಿತವಾಯಿತು. ಆದರೆ ಆ ದಾರಿಯ ಮೊದಲ ಮೆಟ್ಟಿಲಾದ ಕಾಲೇಜು ಪಂದ್ಯ ಹೇಗೆ ನಡೆಯುತ್ತದೆ ನೋಡಿ.

ನಮ್ಮಲ್ಲಿ ಅಂತರ ಕಾಲೇಜು ಪಂದ್ಯಾವಳಿ ಸಾಮಾನ್ಯವಾಗಿ ನಾಕ್‌ಔಟ್. ಸೋತವರು ಮನೆಗೆ. ಹುನಗುಂದದಿಂದಲೋ ಬಾದಾಮಿಯಿಂದಲೋ ಬೆಳಗಿನ ಬಸ್ಸು ಹಿಡಿದು ಬಂದ ತಂಡ ಮೊದಲ ಪಂದ್ಯದಲ್ಲಿಯೇ ಸೋತರೆ ಅದರ ಹಂಗಾಮು ಮುಗಿಯಿತು. ನಾಲ್ಕು ಸರದಿ, ತಲಾ 9 ನಿಮಿಷ. ಒಟ್ಟು 36 ನಿಮಿಷದ ಹಂಗಾಮು! ಅದರಲ್ಲಿ ಒಬ್ಬ ಹುಡುಗಿ ಓಡಲು ಒಳಗೆ ಬರುವುದು ಎರಡೇ ಸಲ. ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆ ಮಾಡುವವರು ಆಕೆಯನ್ನು ನೋಡುವುದು ಆ ಎರಡು ಸಲ. ಮುಂದಿನ ದಕ್ಷಿಣ ವಲಯ, ಅಖಿಲ ಭಾರತ ಮಟ್ಟ, ಕ್ರೀಡಾ ಕೋಟಾಕ್ಕೆ ಬೇಕಾದ ಪ್ರಮಾಣಪತ್ರ ಎಲ್ಲವೂ ಆ ಎರಡು ಓಟಗಳ ಮೇಲೆ ನಿಂತಿವೆ.

ಇದು ನ್ಯಾಯವೇ ಎಂಬುದನ್ನು ಸಂಭವನೀಯತೆಯ ಲೆಕ್ಕ ಹೇಳುತ್ತದೆ. ಒಂದು ತಂಡ ಎದುರಾಳಿಗಿಂತ ನಿಜವಾಗಿಯೂ ಮೇಲು, ಹತ್ತು ಪಂದ್ಯ ಆಡಿದರೆ ಆರು ಗೆಲ್ಲುವಷ್ಟು ಮೇಲು ಎನ್ನಿ. ಒಂದೇ ಪಂದ್ಯ ಆಡಿಸಿದರೆ ನೂರಕ್ಕೆ ನಲವತ್ತು ಸಲ ಉತ್ತಮ ತಂಡವೇ ಮನೆಗೆ ಹೋಗುತ್ತದೆ. ಮೂರರಲ್ಲಿ ಎರಡು ಗೆಲ್ಲಬೇಕು ಎಂದರೆ ಉತ್ತಮ ತಂಡ ನೂರಕ್ಕೆ ಸುಮಾರು 65 ಸಲ ಮುಂದೆ ಹೋಗುತ್ತದೆ, ಏಳರಲ್ಲಿ ನಾಲ್ಕು ಎಂದರೆ 71 ಸಲ. ಅಮೆರಿಕದ ಕಾಲೇಜು ಸಾಫ್ಟ್‌ಬಾಲಿನ ಕೊನೆಯ ಸುತ್ತುಗಳಲ್ಲಿ ಒಮ್ಮೆ ಸೋತವರಿಗೆ ಇನ್ನೊಂದು ಅವಕಾಶವಿದೆ. ಎರಡು ಸಲ ಸೋತವರು ಮಾತ್ರ ಹೊರಗೆ. ನಮ್ಮ ದೈಹಿಕ ಶಿಕ್ಷಣ ನಿರ್ದೇಶಕರಿಗೆ ಇದು ಗೊತ್ತಿಲ್ಲವೆಂದಲ್ಲ. ಊಟ, ವಸತಿ, ಬಸ್ ಖರ್ಚು, ಸೆಮಿಸ್ಟರ್ ಪರೀಕ್ಷೆಗಳ ನಡುವೆ ಸಿಗುವ ಎರಡು ದಿನ, ಇಷ್ಟರಲ್ಲಿ ಅವರು ಆಟ ಮುಗಿಸಬೇಕು. ದೂರುವುದು ಸುಲಭ.

ಅಂದಮೇಲೆ ಪ್ರೇಕ್ಷಕ ಮಾಡಬಹುದಾದದ್ದು ಇಲ್ಲಿಯೇ ಇದೆ. ಪಂದ್ಯದ ದಿನ ಆಯ್ಕೆಗಾರರು ನೋಡುವುದು ಎರಡು ಓಟ. ನೀವು ಅದೇ ಕಾಲೇಜಿನಲ್ಲಿ ಓದುವವರು. ಸಂಜೆಯ ಅಭ್ಯಾಸವನ್ನು, ಸ್ನೇಹಪಂದ್ಯಗಳನ್ನು ಸೇರಿಸಿ ನಲವತ್ತು ಓಟ ನೋಡಬಹುದು. ನೋಡಿದ್ದನ್ನು ಬರೆದಿಡುವುದೊಂದೇ ಬಾಕಿ.

ಖೋ-ಖೋದ ಅಧಿಕೃತ ಸ್ಕೋರ್ ಪಟ್ಟಿಯನ್ನು ಎಂದಾದರೂ ನೋಡಿದ್ದೀರಾ? ನೋಡಿಲ್ಲದಿದ್ದರೆ ನಿಮ್ಮ ನಿರ್ದೇಶಕರನ್ನು ಕೇಳಿ, ತೋರಿಸುತ್ತಾರೆ. ಅದು ಬೇಸ್‌ಬಾಲ್ ಪುಸ್ತಕಕ್ಕೆ ಸ್ವಲ್ಪವೂ ಕಡಿಮೆಯಿಲ್ಲ. ಔಟಾದವರ ಸಂಖ್ಯೆ, ಔಟು ಮಾಡಿದವರ ಸಂಖ್ಯೆ, ಓಡಿದ ಸಮಯ ನಿಮಿಷ-ಸೆಕೆಂಡುಗಳಲ್ಲಿ, ಔಟಾದ ಬಗೆಗೆ ಒಂದು ಗುರುತು, ಎಲ್ಲವೂ ಅಲ್ಲಿ ಇರುತ್ತದೆ. ಪಂದ್ಯ ಮುಗಿದ ಮೇಲೆ ಆ ಹಾಳೆ ಕಡತ ಸೇರುತ್ತದೆ. ಮರುದಿನದ ಪತ್ರಿಕೆಯಲ್ಲಿ ಬಂದರೆ ಒಂದು ಸಾಲು ಬರುತ್ತದೆ: ಇಂಥ ಕಾಲೇಜು ಪ್ರಥಮ, ಇಂಥದು ದ್ವಿತೀಯ. ಈ ನಾಲ್ಕೂರಿನ ಪದವಿ ಕಾಲೇಜುಗಳು ಮೊದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬಂತು. 2023ರಲ್ಲಿ ಜಮಖಂಡಿಯಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯ ಆರಂಭವಾಯಿತು. ಹೀಗೆ ಒಂದೇ ಮೈದಾನದ ಮೂರು ತಲೆಮಾರಿನ ಲೆಕ್ಕ ಮೂರು ಊರುಗಳಿಗೆ ಹಂಚಿಹೋಗುವಂತಾಯಿತು. ಅವ್ವ ಆಡಿದ್ದಳು, ಎಷ್ಟು ಹೊತ್ತು ಓಡುತ್ತಿದ್ದಳು ಎಂದು ಮಗಳು ಕೇಳಿದರೆ ತೆಗೆದು ತೋರಿಸಲು ಊರಿನಲ್ಲಿ ಏನಿದೆ?

ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳಿ. ಇಬ್ಬರು ಓಟಗಾರ್ತಿಯರು, ತಲಾ ಐದು ಓಟ. ಮೊದಲನೆಯವಳ ಸಮಯ ಸೆಕೆಂಡುಗಳಲ್ಲಿ 80, 75, 85, 70, 90. ಎರಡನೆಯವಳದು 220, 20, 35, 30, 115. ಸರಾಸರಿ ತೆಗೆದರೆ ಮೊದಲನೆಯವಳಿಗೆ 80, ಎರಡನೆಯವಳಿಗೆ 84. ಎರಡನೆಯವಳೇ ಮೇಲು! ಈಗ ಐದನ್ನೂ ಏರಿಕೆಯ ಕ್ರಮದಲ್ಲಿ ಇಟ್ಟು ನಡುವಿನದನ್ನು ನೋಡಿ. ಅದಕ್ಕೆ ಸಂಖ್ಯಾಶಾಸ್ತ್ರದಲ್ಲಿ ಮಧ್ಯಾಂಕ ಎನ್ನುತ್ತಾರೆ. ಮೊದಲನೆಯವಳದು 80, ಎರಡನೆಯವಳದು 35. 220 ಸೆಕೆಂಡು ಓಡಿದ ದಿನವೇ ಆಯ್ಕೆಗಾರರು ಬಂದಿದ್ದರೆ ಎರಡನೆಯವಳು ತಂಡದಲ್ಲಿದ್ದಾಳೆ, ಮೊದಲನೆಯವಳು ಬಸ್ಸಿನಲ್ಲಿದ್ದಾಳೆ.

ಹಾಗೆಂದು ಮೊದಲನೆಯವಳನ್ನೇ ಆರಿಸಿ ಎಂದು ನಾನು ಹೇಳಲಾರೆ. ಕೊನೆಯ ಸರದಿಯಲ್ಲಿ ಮೂರೂವರೆ ನಿಮಿಷ ಹೇಗಾದರೂ ಕಾಯಬೇಕು ಎಂಬ ಪ್ರಸಂಗ ಬಂದರೆ ಎರಡನೆಯವಳೇ ಬೇಕಾದೀತು. ಅಷ್ಟು ಹೊತ್ತು ಓಡಿ ತೋರಿಸಿದವಳು ಅವಳೊಬ್ಬಳೇ. ಅದಕ್ಕೇ ಸಮಯದ ಪಕ್ಕದಲ್ಲಿ ಸಂದರ್ಭವನ್ನೂ ಬರೆಯಬೇಕು. ಎದುರಾಳಿಯ ಒಳ್ಳೆಯ ಚೇಸರ್ ಕಾಲು ಉಳುಕಿ ಹೊರಗೆ ಕುಳಿತಿದ್ದಳೆ? ಅದು ಮೊದಲ ಸರದಿಯೋ, ಎಲ್ಲರೂ ದಣಿದ ನಾಲ್ಕನೆಯದೋ? ನೆಲ ಹೇಗಿತ್ತು? ನಮ್ಮ ಕಡೆ ಈ ಕೊನೆಯ ಪ್ರಶ್ನೆ ಸಣ್ಣದಲ್ಲ. ಎರೆ ನೆಲ ಹಸಿಯಿದ್ದರೆ ಕಾಲಿಗೆ ಅಂಟುತ್ತದೆ, ಒಣಗಿದರೆ ಬಿರಿಯುತ್ತದೆ. ಮಸಾರಿ ನೆಲದ ಮೇಲೆ ಕಲಿತವರ ತಿರುವು ಎರೆಯಲ್ಲಿ ಕೈಕೊಡುತ್ತದೆ. ಮ್ಯಾಟಿನ ಮೇಲೆ ನಡೆಯುವ ದೊಡ್ಡ ಪಂದ್ಯದ ಲೆಕ್ಕವೇ ಬೇರೆ.

ಇನ್ನೊಂದು ಅಂಕಣ ನೀವೇ ಹೊಸದಾಗಿ ಎಳೆಯಬೇಕು. ಸ್ಕೋರ್ ಪಟ್ಟಿಯಲ್ಲಿ ಮುಟ್ಟಿ ಔಟು ಮಾಡಿದವರ ಸಂಖ್ಯೆ ಇರುತ್ತದೆ. ಆದರೆ ಆ ಔಟು ಹುಟ್ಟಿದ್ದು ಎಲ್ಲಿ? ಎಷ್ಟೋ ಸಲ, ಓಡುವವಳನ್ನು ಕಂಬದ ಕಡೆಗೆ ಒತ್ತಿಕೊಂಡು ಹೋಗಿ, ತಾನು ಮುಟ್ಟುವ ಆಸೆ ಬಿಟ್ಟು, ಸರಿಯಾದ ಕ್ಷಣಕ್ಕೆ ಸರಿಯಾದ ಬೆನ್ನಿಗೆ ‘ಖೋ’ ಕೊಟ್ಟು ಕುಳಿತುಬಿಟ್ಟವಳ ತಲೆಯಲ್ಲಿ. ಚಪ್ಪಾಳೆ ಎದ್ದು ಮುಟ್ಟಿದವಳಿಗೆ. ಬೇಸ್‌ಬಾಲಿನವರು ‘6-3’ ಎಂದು ಇಬ್ಬರಿಗೂ ಲೆಕ್ಕ ಕೊಟ್ಟಂತೆ ನೀವೂ ‘4-7’ ಎಂದು ಬರೆದುಕೊಳ್ಳಿ. ನಾಲ್ಕರವಳು ಖೋ ಕೊಟ್ಟಳು, ಏಳರವಳು ಮುಟ್ಟಿದಳು. ಹತ್ತು ಪಂದ್ಯ ಹೀಗೆ ಬರೆದು ಕೂಡಿಸಿ ನೋಡಿದರೆ ನಿಮ್ಮ ಕಾಲೇಜಿನ ಅತ್ಯುತ್ತಮ ಆಟಗಾರ್ತಿ ನೀವು ಅಂದುಕೊಂಡವಳಲ್ಲದೆ ಹೋಗಬಹುದು. ಆಯ್ಕೆ ಸಮಿತಿ ನಿಮ್ಮ ನೋಟ್‌ಬುಕ್ಕನ್ನು ಒಪ್ಪಬೇಕೆಂಬ ನಿಯಮವಿಲ್ಲ. ಕ್ರೀಡಾ ಕೋಟಾದ ಅರ್ಜಿಗೆ ಅದನ್ನು ಲಗತ್ತಿಸಲೂ ಬರುವುದಿಲ್ಲ. ಆದರೆ ಶಿಬಿರಕ್ಕೆ ಯಾರನ್ನು ಕಳಿಸಬೇಕೆಂದು ಯೋಚಿಸುವ ನಿಮ್ಮ ನಿರ್ದೇಶಕರ ಮೇಜಿನ ಮೇಲೆ, ನಾಲ್ಕರವಳ ಹೆಸರಿನ ಮುಂದೆ ಮೂವತ್ತು ಗುರುತುಗಳಿರುವ ಒಂದು ಹಾಳೆ ಇದ್ದರೆ ಅವರು ಎರಡನೆಯ ಸಲ ಯೋಚಿಸುತ್ತಾರೆ.

ಹತ್ತು ಪಂದ್ಯ ಎಲ್ಲಿಂದ ತರುವುದು ಎಂದು ಕೇಳಬಹುದು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಎಂದು ನಾಲ್ಕು ತಂಡ ಇಟ್ಟುಕೊಳ್ಳಿ. ಪ್ರತಿಯೊಂದೂ ಉಳಿದ ಮೂರರ ಜೊತೆ ಆಡಿದರೆ ಆರು ಪಂದ್ಯ; ತನ್ನೂರಿನಲ್ಲೊಮ್ಮೆ, ಅವರೂರಿನಲ್ಲೊಮ್ಮೆ ಎಂದರೆ ಹನ್ನೆರಡು. ಒಂದು ತಂಡಕ್ಕೆ ಆರು ಪಂದ್ಯ ಗಟ್ಟಿಯಾಗಿ ಸಿಕ್ಕವು, ಉಳಿದ ನಾಲ್ಕು ಅಭ್ಯಾಸದಲ್ಲಿ ಬರುತ್ತವೆ. ಹುನಗುಂದಕ್ಕೂ ಇಳಕಲ್ಲಿಗೂ ಬಸ್ಸಿನಲ್ಲಿ ಅರ್ಧ ಗಂಟೆಯೂ ಬೇಡ. ಶನಿವಾರ ತರಗತಿ ಮುಗಿಸಿ ಹೊರಟರೂ ಆಡಿ ಬರಬಹುದು. ಬಾದಾಮಿಯಿಂದ ಇಳಕಲ್ಲಿಗೆ ಮಾತ್ರ ದಾರಿ ಉದ್ದ. ಅಮೀನಗಡದ ಮೇಲೆ ಹೋಗುವುದಾದರೆ ಸೋತವರಿಗೆ ಕರದಂಟಿನ ಸಮಾಧಾನವಿದೆ. ಇದಕ್ಕೆ ವಿಶ್ವವಿದ್ಯಾಲಯದ ಸುತ್ತೋಲೆ ಬೇಡ. ಇಬ್ಬರು ದೈಹಿಕ ಶಿಕ್ಷಣ ನಿರ್ದೇಶಕರು, ಇಬ್ಬರು ಪ್ರಾಂಶುಪಾಲರು ಒಪ್ಪಿದರೆ ಮೊದಲ ಪಂದ್ಯ ನಡೆಯುತ್ತದೆ.

ಗೆರೆಯ ಹೊರಗೆ ಹುಡುಗಿಯರೂ ನಿಲ್ಲುವಂತಾಗಬೇಕು. ಹೆಣ್ಣುಮಕ್ಕಳ ಪಂದ್ಯವೆಂದರೆ ಸುತ್ತ ನಿಂತು ಕೂಗುವ ಹುಡುಗರ ಗುಂಪು ಎಂಬ ಕಾರಣಕ್ಕೇ ಕೆಲವು ಮನೆಗಳಲ್ಲಿ ಆಟಕ್ಕೆ ಕಳಿಸಲು ಹಿಂಜರಿಯುತ್ತಾರೆ. ಕೈಯಲ್ಲಿ ಪುಸ್ತಕ ಹಿಡಿದು ನಾಲ್ಕು ಜನ ಗೆಳತಿಯರು ಕುಳಿತಿದ್ದರೆ ಮೈದಾನದ ಗಾಳಿಯೇ ಬೇರೆಯಾಗುತ್ತದೆ. ಕೂಗುವವನಿಗೂ ಆಗ ಸ್ಕೋರ್ ಕೇಳುವ ಕೆಲಸ ಸಿಗುತ್ತದೆ.

ನೋಟ್‌ಬುಕ್ಕಿನ ವಿವರ ಹೇಳಿ ಮುಗಿಸುತ್ತೇನೆ. ನೂರು ಪುಟದ, ಗೆರೆ ಇರುವ ಪುಸ್ತಕ ಸಾಕು. ಒಂದು ಸರದಿಗೆ ಒಂದು ಪುಟ. ಮೇಲೆ ದಿನಾಂಕ, ಊರು, ನೆಲದ ಸ್ಥಿತಿ. ಕೆಳಗೆ ಐದು ಅಂಕಣ: ಓಡಿದವರು, ಸಮಯ, ಖೋ ಕೊಟ್ಟವರು, ಮುಟ್ಟಿದವರು, ಔಟಾದ ಬಗೆ. ಒಬ್ಬರೇ ಬರೆಯಲು ಹೋಗಬೇಡಿ. ಒಬ್ಬರು ಗಡಿಯಾರ ನೋಡಿ ಹೇಳಲಿ, ಇನ್ನೊಬ್ಬರು ಬರೆಯಲಿ. ಸೀಸದ ಕಡ್ಡಿಯಿಂದಲೇ ಬರೆಯಿರಿ, ತುಂತುರು ಬಿದ್ದರೂ ಅಕ್ಷರ ಅಳಿಯುವುದಿಲ್ಲ. ಮತ್ತು ಉದ್ದನೆಯ ಬದಿಯಲ್ಲಿ ನಿಲ್ಲದೆ, ಕಂಬದ ಹಿಂದೆ, ಆಟಗಾರರಿಗೆ ಅಡ್ಡಿಯಾಗದಷ್ಟು ದೂರದಲ್ಲಿ, ಒಂದು ಕಟ್ಟೆಯೋ ಕಲ್ಲೋ ಇದ್ದರೆ ಅದರ ಮೇಲೆ ಕೂರಿ.